ಹೊಂಡದವು ಅಂತ ಕಳಿಸಿದ ಕಪ್ಪೆಗಳು

ಆ ಕಪ್ಪೆಗಳು ನಮ್ಮ ಹೊಂಡದವಲ್ಲ. ಇಟ್ಟಿಗೆ ಭಟ್ಟಿಯ ಗುಂಡಿಯವು. ಹೊಂಡದವು ಅಂತ ಸುಳ್ಳು ಹೇಳಿ ಬಳ್ಳಾರಿಗೆ ಕಳಿಸಿದವಳು ನಾನು — ಹೇಳಿದ್ದು ಬೇರೆ ಯಾರಿಗೋ ಅಲ್ಲ, ನನ್ನ ಮೊಮ್ಮಗಳು ವಿಶಾಲಾಕ್ಷಿಗೆ. ಯಾರು ಏನು ಹೇಳಿದರೂ ತಾನೇ ಹೋಗಿ ನೋಡಿ ಬರುವ ಹುಡುಗಿ ಅವಳು. ನನ್ನ ಮಾತೊಂದನ್ನು ಮಾತ್ರ ಹೋಗಿ ನೋಡಲಿಲ್ಲ.

ಇದನ್ನು ಬರೆಯುವಾಗ ನಾನು ಅಳಬೇಕು. ಏನು ಮಾಡಲಿ, ಹೋದ ವಾರದಿಂದ ಮುಖದ ಮೇಲಿನ ನಗೆ ಇಳಿಯುತ್ತಿಲ್ಲ. ನನ್ನ ಮೊಮ್ಮಗಳು ಡಾಕ್ಟರ್ ಆಗಿದ್ದಾಳೆ. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಓದಿನ ಡಾಕ್ಟರ್. ಬಾದನಹಟ್ಟಿಯಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದೇ ನನಗೊಂದು ಕೆಲಸವಾಗಿದೆ. ಮೊಣಕಾಲು ನೋವು ಅಂತ ಬಂದವಳಿಗೆ ಮೊನ್ನೆ ಹೇಳಿದೆ: "ನಮ್ಮ ವಿಶಾಲಿ ಮೊಣಕಾಲು ನೋಡಂಗಿಲ್ಲವ್ವ. ನೀನು ಕಪ್ಪಿ ಆಗಿದ್ರ ನೋಡತಿದ್ದಳು."

ನಾನು ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧ. ಅಕ್ಷರ ಕೂಡಿಸಿ ಬರೆಯಲು ಬರುತ್ತದೆ, ಅಷ್ಟೇ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ನಡೆದದ್ದನ್ನು ಮಾತ್ರ ತಿದ್ದಬೇಡಿ — ನಾನು ಈಗಾಗಲೇ ಒಂದು ಸಲ ತಿದ್ದಿ ಕೆಟ್ಟಿದ್ದೇನೆ.

ನಮ್ಮೂರಲ್ಲಿ ಎರಡು ಹೊಂಡಗಳಿದ್ದವು. ಊರ ಮುಂದೆ ದೊಡ್ಡದು. ನಮ್ಮ ಹೊಲದೊಳಗೆ ಕಲ್ಲು ಮೆಟ್ಟಿಲಿನ ಸಣ್ಣದು. ಮಳೆಗಾಲ ಹಿಡಿಯಿತೆಂದರೆ ಎರಡೂ ಕಡೆಯ ಕಪ್ಪೆಗಳು ಒದರುವ ಸದ್ದಿಗೆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆಮೇಲೆ ಕಾಲುವೆ ನೀರು ಬಂತು. ಬಂದದ್ದೇ ತಡ, ಊರಿಗೆ ಊರೇ ಭತ್ತದ ಹುಚ್ಚು ಹತ್ತಿಸಿಕೊಂಡಿತು. ಕಾಲುವೆ ಇರುವಾಗ ಹೊಂಡ ಯಾಕೆ ಅಂತ ದೊಡ್ಡ ಹೊಂಡವನ್ನು ಮುಚ್ಚಿ ಗದ್ದೆ ಮಾಡಿದರು. ಬೇಡ ಅಂದವರು ಯಾರೂ ಇಲ್ಲ, ನಾನೂ ಅನ್ನಲಿಲ್ಲ. ಒಂದು ಬದಿಯ ಜೇಡಿಮಣ್ಣನ್ನು ಇಟ್ಟಿಗೆ ಭಟ್ಟಿಯವರು ತೋಡಿಕೊಂಡು ಹೋದರು, ತೋಡಿದಲ್ಲಿ ಗುಂಡಿಗಳು ಉಳಿದವು. ಬೂದಿ ಬಿದ್ದ, ಬಿಸಿಲಿಗೆ ಕಾದ, ಮೊಣಕಾಲುದ್ದದ ಪಾಚಿ ನೀರು. ದೊಡ್ಡ ಹೊಂಡದ ಕಪ್ಪೆಗಳು ಇನ್ನೆಲ್ಲಿ ಹೋಗಬೇಕು? ಆ ಗುಂಡಿಗಳಲ್ಲಿ ಒಂದರ ಮೈಮೇಲೆ ಒಂದು ಕೂತವು.

ಇನ್ನೊಂದು ಸಂಗತಿ ಹೇಳದೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಹೆಂಗಸರು ಒನಕೆಗೆ ಕಪ್ಪೆ ಕಟ್ಟಿಕೊಂಡು ಮನೆಮನೆಗೆ ಹೋಗುತ್ತೇವೆ. ಒದ್ದೆ ಬಟ್ಟೆಯಲ್ಲಿ ಕಪ್ಪೆಯನ್ನು ಸಡಿಲವಾಗಿ ಸುತ್ತಿ, ಬೇವಿನ ಸೊಪ್ಪಿನ ಜೊತೆ ಒನಕೆಯ ನಡುವೆ ಕಟ್ಟಿ, ಇಬ್ಬರು ಹೆಗಲ ಮೇಲೆ ಹೊರುವುದು. ಪ್ರತಿ ಬಾಗಿಲಲ್ಲೂ ಆ ಮನೆಯಾಕೆ ಅದರ ಮೇಲೆ ಕೊಡ ನೀರು ಸುರಿಯುತ್ತಾಳೆ. ಕಪ್ಪೆ ತಾಯಿ ಅಂತ ಅದಕ್ಕೆ ಹೆಸರು. ಕಾಲುವೆ ಬಂದ ಮೇಲೂ ಇದು ನಿಲ್ಲಲಿಲ್ಲ. ಕಾಲುವೆ ಹತ್ತದ ಎತ್ತರದ ಹೊಲಗಳಿಗೆ ಮಳೆಯೇ ಗತಿ. ದೊಡ್ಡ ಹೊಂಡ ಹೋದ ಮೇಲೆ ಕಪ್ಪೆ ತಾಯಿ ನಮ್ಮ ಹೊಂಡದಿಂದಲೇ ಬರಬೇಕಾಯಿತು. ಊರೆಲ್ಲ ಸುತ್ತಿಸಿದ ಮೇಲೆ ಅದನ್ನು ಮೆಟ್ಟಿಲ ಮೇಲೆ ಕೂರಿಸಿ, ಅರಿಶಿನ ಕುಂಕುಮ ಮುಟ್ಟಿಸಿ, ಮನೆ ಮಗಳಿಗೆ ಮಾಡಿದ ಹಾಗೆ ಉಡಿ ತುಂಬಿ — ಕಪ್ಪೆಗೆಲ್ಲಿಯ ಉಡಿ, ಅದರ ಮುಂದೆ ನಾಲ್ಕು ಅಕ್ಕಿಕಾಳು ಇಡುವುದು — ನೀರಿಗೆ ಬಿಡುವುದು. ಹಾಗೆ ಉಡಿ ತುಂಬಿ ಕಳಿಸುವವಳು ನಾನು. ಅತ್ತೆ ಹೋದ ಮೇಲೆ ಆ ಕೆಲಸ ನನ್ನದು.

ನನ್ನ ಮಗ ದೊಡ್ಡಬಸಪ್ಪನ ಮಗಳು ವಿಶಾಲಿ ಬೆಳೆದದ್ದು ಆ ಮೆಟ್ಟಿಲುಗಳ ಮೇಲೆ. ಮರಿಗಪ್ಪೆಯ ಬಾಲ ಎಲ್ಲಿ ಹೋಗುತ್ತದೆ ಅಂತ ಒಂದು ದಿನ ಅಪ್ಪನನ್ನು ಕೇಳಿದಳು.

"ಉದುರಿ ಬೀಳತೈತಿ," ಅಂದ ಅವನು, ತಟ್ಟೆಯಿಂದ ತಲೆ ಎತ್ತದೆ.

"ಸುಳ್ಳಪ್ಪ. ಹೊಂಡದ ದಂಡಿಗೆಲ್ಲ ಹುಡುಕೀನಿ. ಒಂದೂ ಬಾಲ ಬಿದ್ದಿಲ್ಲ."

ಅವತ್ತೇ ನನಗೆ ಗೊತ್ತಾಯಿತು, ಈ ಹುಡುಗಿಯನ್ನು ಯಾರೂ ಸುಮ್ಮನೆ ಕೂರಿಸುವುದಕ್ಕಾಗುವುದಿಲ್ಲ ಅಂತ. ಬಳ್ಳಾರಿಯಲ್ಲಿ ಬಿ.ಎಸ್ಸಿ. ಮುಗಿಸಿದಳು, ಎಂ.ಎಸ್ಸಿ. ಓದಲು ಧಾರವಾಡಕ್ಕೆ ಹೋದಳು. ಊರಲ್ಲಿ ಮಾತಾಡದೆ ಬಿಡುತ್ತಾರೆಯೇ? ಪಕ್ಕದ ಮನೆಯ ಗುರಮ್ಮ ಕಟ್ಟೆಗೆ ಬಂದು ಕೂತು ಕೇಳಿದಳು: "ಅಲ್ಲಬೇ, ಕಪ್ಪಿ ಕೊಯ್ಯೋ ಹುಡುಗಿಗೆ ಗಂಡು ಎಲ್ಲಿಂದ ತರತೀರಿ?"

"ನಿನ್ನ ಸೊಸಿಗೆ ಬದನಿಕಾಯಿ ಕೊಯ್ಯಾಕ ಬರಂಗಿಲ್ಲ. ಆಕಿಗೆ ಗಂಡು ಸಿಕ್ಕಿಲ್ಲೇನು?" ಅಂದೆ. ಗುರಮ್ಮ ಬಹಳ ದಿನ ನಮ್ಮ ಕಟ್ಟೆ ಹತ್ತಲಿಲ್ಲ.

ಬಾಯಲ್ಲಿ ಹಾಗೆ ಹೇಳಿದೆ. ಒಳಗೆ ಮಾತ್ರ — ನಮ್ಮದು ಇರುವೆ ಸಾಲು ಕಂಡರೆ ಕಾಲು ದಾಟಿಸಿ ಇಡುವ ಮನೆ. ಕೊಯ್ಯುತ್ತಾಳೆ ಅನ್ನುವುದನ್ನು ನೆನೆಸಿಕೊಂಡರೆ ಸಂಕಟವಾಗುತ್ತಿತ್ತು. ಹೆಮ್ಮೆ, ಸಂಕಟ, ಎರಡೂ ಒಟ್ಟಿಗೇ ಇದ್ದವು. ಒಂದನ್ನು ಇನ್ನೊಂದಕ್ಕೆ ನಾನು ಹೇಳಲಿಲ್ಲ.

ಎಂ.ಎಸ್ಸಿ.ಯಲ್ಲಿ ಅವಳೇ ಆರಿಸಿಕೊಂಡ ಒಂದು ಕೆಲಸ ಮಾಡಿ ತೋರಿಸಬೇಕಿತ್ತು. ಮಳೆಗಾಲದಲ್ಲಿ ಬಳ್ಳಾರಿಗೆ ಬಂದು, ಪಾರ್ವತಿನಗರದ ಚಿಕ್ಕಪ್ಪನ ಮನೆಯಲ್ಲಿ ಉಳಿದಳು. ಅವಳಿಗೆ ಮೊದಲು ಪಾಠ ಹೇಳಿದ್ದ ಗುರುಪಾದಪ್ಪ ಮೇಷ್ಟ್ರು ತಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೂರಲು ಜಾಗ ಕೊಟ್ಟಿದ್ದರು. ಒಂದು ದಿನ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋದಳು. ಕಪ್ಪೆಯನ್ನು ತೋರಿಸಲಿಲ್ಲ, ಪುಣ್ಯಾತ್ಗಿತ್ತಿ. ಅದರ ಕರುಳಿನ ತುದಿಯಿಂದ ತೆಗೆದ ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, "ಒಂದು ಕಣ್ಣು ಮುಚ್ಚಿ ನೋಡಜ್ಜಿ," ಅಂದಳು.

ನನಗೆ ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ — ಹೇಗೆ ಹೇಳಲಿ — ಬೆಳಕಿನ ತಟ್ಟೆಯೊಳಗೆ ಎಲೆಯಂಥವು, ತೆಳ್ಳಗೆ, ಚಪ್ಪಟೆ, ತೇಲುತ್ತಾ ಹೊರಳುತ್ತಾ ಇದ್ದವು. ಮೈತುಂಬ ಸಣ್ಣ ರೋಮ. ಗಾಳಿ ಬೀಸಿದಾಗ ಜೋಳದ ಹೊಲ ಬಾಗುತ್ತದಲ್ಲ, ಹಾಗೆ ಆ ರೋಮ ಅಲೆಅಲೆಯಾಗಿ ಬಾಗುತ್ತಿತ್ತು. ನಾನು ಕಣ್ಣು ತೆಗೆಯಲೇ ಇಲ್ಲ. ಅವುಗಳ ಹೆಸರು ಓಪಲೈನಾ ಅಂದಳು. ನಾನು ಓಬಳಮ್ಮ ಅಂತ ಇಟ್ಟುಕೊಂಡೆ.

"ಇವು ಕಪ್ಪಿಗೆ ರೋಗ ಅಲ್ಲಜ್ಜಿ. ಅದರ ಮೈಯಾಗ ಇರೋ ಮನಿಮಂದಿ," ಅಂದಳು. "ಕಪ್ಪಿಗೆ ಇವುಗಳಿಂದ ಏನು ಉಪಕಾರ ಅನ್ನೋದು ಪೂರಾ ಯಾರಿಗೂ ತಿಳಿದಿಲ್ಲ. ಆದ್ರ ಕೇಡಂತೂ ಮಾಡಂಗಿಲ್ಲ. ದೊಡ್ಡ ಕಪ್ಪಿ ಮೊಟ್ಟಿ ಇಡೋ ಕಾಲಕ್ಕ ಇವು ಸಣ್ಣ ಗಂಟಾಗಿ ನೀರಿಗೆ ಬೀಳತಾವು. ಮರಿಗೋಳು ಅದನ್ನ ನುಂಗತಾವು. ಹಿಂಗ ತಾಯಿಂದ ಮಕ್ಕಳಿಗೆ."

"ಹೆಪ್ಪು ಇದ್ದಂಗ," ಅಂದೆ.

"ಅದೇ ನೋಡು. ಹೊಂಡ ಹೋದ್ರ, ಇಕ್ಕಟ್ಟು ಗುಂಡ್ಯಾಗ ನಡುವೇ ನೀರು ಆರಿಹೋದ್ರ, ಆ ಹೆಪ್ಪು ಮುಂದಿನ ಮನಿಗೆ ಮುಟ್ಟಂಗಿಲ್ಲ. ಅದರ ಬದಲಿ ಹುಳ ಸೇರತಾವು, ಹುಣ್ಣು ಏಳತಾವು, ತೊಡಿ ಕೆಂಪಾಗಿ ಸಾಯತಾವು. ಒಂದರ ಮೈ ಒಂದಕ್ಕ ಹತ್ತಿಕೊಂಡು ಕುಂತ್ರ ರೋಗ ಹಬ್ಬಾಕ ಎಷ್ಟೊತ್ತು? ನನಗ ಹಂಗ ಅನಸತೈತಿ. ಅನಸಿದ್ರ ಸಾಲದು, ತೋರಸಬೇಕು."

ತೋರಿಸುವ ದಾರಿ ಇದು: ನಮ್ಮ ಹೊಂಡದ ಕಪ್ಪೆಗಳನ್ನೂ, ಹೊಂಡ ಕಳೆದುಕೊಂಡ ಗುಂಡಿಯ ಕಪ್ಪೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು. ಮಳೆಗಾಲ ಮುಗಿಯುವತನಕ ಆಗಾಗ ಎರಡೂ ಕಡೆಯಿಂದ ತಾಜಾ ಕಪ್ಪೆಗಳು ಬಳ್ಳಾರಿಗೆ ಹೋಗಬೇಕು.

"ಹೊಂಡದವು ಬಿಳಿ ಬಟ್ಟಿ ಕಟ್ಟಿದ ಗಡಿಗ್ಯಾಗ, ಗುಂಡೀವು ಕೆಂಪು ಬಟ್ಟಿ ಕಟ್ಟಿದ ಗಡಿಗ್ಯಾಗ. ಈರಣ್ಣ ಹಿಡೀಲಿ, ಆದ್ರ ನೀನು ಮುಂದ ನಿಂದ್ರಬೇಕು. ಅವನ ಮ್ಯಾಲೆ ಬಿಟ್ರ ಎಲ್ಲಿ ಕೈಗೆ ಸಿಗತಾವೋ ಅಲ್ಲಿ ಹಿಡೀತಾನ. ನಿನ್ನ ಕೈಯಿಂದ ಗಡಿಗಿ ಬಂತಂದ್ರ ನಾನು ಎರಡನೇ ಮಾತು ಕೇಳಂಗಿಲ್ಲಜ್ಜಿ."

ಊರಿಗೆ ಬರುವಾಗ ಬಸ್ಸಿನಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ನನ್ನ ಮೊಮ್ಮಗಳ ವಿದ್ಯೆಯಲ್ಲಿ ನನಗೂ ಒಂದು ಕೆಲಸ. ಅರ್ಧ ಮೂರನೇ ಕ್ಲಾಸಿನವಳಿಗೆ.

ಮಾರನೆಯ ದಿನ ಬೆಳಗ್ಗೆ ನಮ್ಮ ಆಳು ಈರಣ್ಣನನ್ನು ಕರೆದುಕೊಂಡು ಹೊಂಡಕ್ಕೆ ಹೋದೆ. ಅವನು ಬುಟ್ಟಿ ಬೋರಲು ಹಾಕಿ ಒಂದನ್ನು ಹಿಡಿದ. ನೀರು ಸೋರಲಿ ಅಂತ ಮೆಟ್ಟಿಲ ಮೇಲೆ ಇಟ್ಟ. ಅದು ಓಡಲಿಲ್ಲ. ಹಸಿರು ಮೈ, ಬೆಳ್ಳಗಿನ ಗಂಟಲು ಏಳುತ್ತಾ ಇಳಿಯುತ್ತಾ — ನನ್ನ ಕಡೆಗೇ ಮುಖ ಮಾಡಿ ಕೂತಿತು. ಉಡಿ ತುಂಬುವಾಗ ಕೂರಿಸುವ ಅದೇ ಮೆಟ್ಟಿಲು ಅದು. ಇದರದ್ದೇ ಉಡಿ ತುಂಬಿದ್ದೆನೋ, ಇದರ ತಾಯಿಯದೋ — ಕಪ್ಪೆಯ ಮುಖ ಗುರುತಿಡಲು ನನಗೆ ಬರುವುದಿಲ್ಲ. ಅರಿಶಿನ ಹಚ್ಚಿ ಕಳಿಸಿದ್ದನ್ನು ನಾನೇ ಕೊಯ್ಯಲು ಕಳಿಸುವುದೇ?

"ಬಿಡು ಈರಣ್ಣ," ಅಂದೆ.

"ವಿಶಾಲಮ್ಮಾರು ಹೊಂಡದವು ಬೇಕಂದಿದ್ರಲ್ರೀ?"

"ಕಪ್ಪಿ ಅಂದ್ರ ಕಪ್ಪಿ. ಎರಡೂ ಗಡಿಗಿ ಗುಂಡ್ಯಾಗಿಂದಲೇ ತುಂಬು."

ಅವನು ಗುಂಡಿಯಲ್ಲಿ ಇಳಿದು ಹಿಡಿದು ತಂದ. "ತೊಡಿ ಸಂದಿ ನೋಡ್ರಿ ಅಮ್ಮಾರ, ಬೆಂದಂಗ ಆಗ್ಯಾವು," ಅಂದ. ನೋಡಿದೆ. ಕೆಂಪಗೆ, ರಕ್ತ ಹೆಪ್ಪುಗಟ್ಟಿದ ಹಾಗೆ. ಕೆಲವಕ್ಕೆ ಬೆನ್ನ ಮೇಲೆ ಹುಣ್ಣು. ಮುಟ್ಟಿದರೂ ಜಿಗಿಯದಷ್ಟು ಮಂಕು. ಹೇಗೂ ಸಾಯುವಂಥವು, ಹೋದರೆ ಹೋಗಲಿ — ಹಾಗೆ ಅಂದುಕೊಂಡೆ. ಈ ಮಾತನ್ನು ಬರೆಯಲು ನಾಚಿಕೆಯಾಗುತ್ತಿದೆ. ಆ ಗುಂಡಿಯವು ಯಾರು? ದೊಡ್ಡ ಹೊಂಡ ಇದ್ದ ಕಾಲದಲ್ಲಿ ಕಪ್ಪೆ ತಾಯಿ ಅಲ್ಲಿಂದಲೂ ಬರುತ್ತಿದ್ದಳು. ಅವುಗಳ ಉಡಿಯನ್ನೂ ನಾನೇ ತುಂಬಿದ್ದೆ. ಅವುಗಳ ಮನೆ ಹೋಯಿತು, ಮೈ ಕೆಟ್ಟಿತು, ಆದ್ದರಿಂದ ನನ್ನ ಮಕ್ಕಳಲ್ಲ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಅವತ್ತು ಇದು ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಗೊಡಲಿಲ್ಲವೋ —

ಒಂದು ಗಡಿಗೆಗೆ ಕೆಂಪು ಬಟ್ಟೆ ಕಟ್ಟಿದೆ. ಇನ್ನೊಂದಕ್ಕೆ ಬಿಳಿ ಬಟ್ಟೆ ಕಟ್ಟಿದೆ. ಗಂಟು ಹಾಕಿದ ಕೈ ನನ್ನದು, ಈರಣ್ಣನದಲ್ಲ.

ಬೆಳಗಿನ ಬಸ್ಸಿನ ಕಂಡಕ್ಟರ್ ಹುಸೇನ್ ಸಾಬ್ ಗಡಿಗೆಗಳನ್ನು ಡ್ರೈವರ್ ಹಿಂದಿನ ನೆರಳಿನಲ್ಲಿ ಇಟ್ಟುಕೊಳ್ಳುತ್ತಿದ್ದ. "ಅಮ್ಮಾ, ಇವಕ್ಕ ಅರ್ಧ ಟಿಕೇಟು ಹರೀಲೋ, ಪೂರ್ತಿ ಹರೀಲೋ?"

"ಕುಂದ್ರಾಕ ಸೀಟು ಕೇಳಿದ್ರ ಪೂರ್ತಿ ಹರಿ."

ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಆ ಮಳೆಗಾಲವೆಲ್ಲ ಹಾಗೇ ನಗುತ್ತಾ ಕಳಿಸಿದೆ. ಬಿಳಿ ಬಟ್ಟೆಯ ಒಂದು ಗಡಿಗೆಯಲ್ಲೂ ಹೊಂಡದ ಕಪ್ಪೆ ಇರಲಿಲ್ಲ.

ಮಳೆಗಾಲ ಮುಗಿದು ವಿಶಾಲಿ ಊರಿಗೆ ಬಂದಳು. ಸೊರಗಿದ್ದಳು. ಒಲೆಯ ಮುಂದೆ ನನ್ನ ಪಕ್ಕ ಕೂತಳು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಅಜ್ಜಿ, ಬಿಳಿ ಬಟ್ಟೀವು ಹೊಂಡದವೇ ಅಲ್ಲೇನು?"

ಕೈ ನಿಲ್ಲಿಸಿದರೆ ಗೊತ್ತಾಗುತ್ತದೆ ಅಂತ ಬಡಿಯುತ್ತಲೇ ಇದ್ದೆ.

"ಹೊಂಡದವೇ."

ಅಷ್ಟೇ. ಇನ್ನೊಂದು ಸಲ ಕೇಳಲಿಲ್ಲ ಅವಳು. ಕೈ ತೊಳೆದು ಬಂದು ಊಟಕ್ಕೆ ಕೂತಳು. ಊಟದ ನಡುವೆ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು: "ನನ್ನ ವಿಚಾರ ತಪ್ಪಿತ್ತಜ್ಜಿ. ಎರಡೂ ಗಡಿಗೀವೂ ಒಂದೇ ಥರ. ಅಲ್ಲೂ ಹುಳ, ಇಲ್ಲೂ ಹುಳ. ಅಲ್ಲೂ ಓಬಳಮ್ಮ ಇಲ್ಲ, ಇಲ್ಲೂ ಇಲ್ಲ. ಹೊಂಡ ಇದ್ರೂ ಅಷ್ಟ, ಹೋದ್ರೂ ಅಷ್ಟ."

ಬೇರೆ ಯಾರಾದರೂ ಆಗಿದ್ದರೆ ಒಂದಿಷ್ಟು ಆಚೆ ಈಚೆ ಮಾಡಿ, ತಾನು ಅಂದುಕೊಂಡದ್ದೇ ಸರಿ ಅಂತ ತೋರಿಸುತ್ತಿದ್ದರೇನೋ. ಇವಳು ಕಂಡದ್ದನ್ನು ಕಂಡ ಹಾಗೆ ಬರೆದು ಕೊಟ್ಟಳು — ತಾನು ಅಂದುಕೊಂಡದ್ದು ಕಾಣಲಿಲ್ಲ ಅಂತ. ಇಂಥ ಮಗು ಯಾರ ಮನೆಯಲ್ಲಿ ಹುಟ್ಟುತ್ತದೆ, ಹೇಳಿ? ನಮ್ಮ ಮನೆಯಲ್ಲಿ ಹುಟ್ಟಿತು. ಮತ್ತು ನಮ್ಮ ಮನೆಯಲ್ಲೇ ಮೋಸಹೋಯಿತು. ಮುಂದೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇವೆ ಅಂದಿದ್ದ ಧಾರವಾಡದ ಗುರುಗಳು, ಈ ದಾರಿಯಲ್ಲಿ ಇನ್ನೇನೂ ಸಿಗುವುದಿಲ್ಲ ಅಂದುಬಿಟ್ಟರು. ಅವಳು ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಳು.

ಇಷ್ಟಕ್ಕೇ ನಿಂತಿದ್ದರೂ ನಾನು ಬಹುಶಃ ಬಾಯಿ ಬಿಡುತ್ತಿರಲಿಲ್ಲ. ಹೊಂಡದ ಜೀವ ಉಳಿಸಿದೆ ಅಂತ ಒಳಗೊಳಗೇ ಸಮಾಧಾನ ಮಾಡಿಕೊಂಡು ಇರುತ್ತಿದ್ದೆ. ಆದರೆ ಒಂದೆರಡು ವರ್ಷ ಕಳೆದ ಮೇಲೆ ದೊಡ್ಡಬಸಪ್ಪ ನಮ್ಮ ಹೊಂಡವನ್ನೂ ಮುಚ್ಚುವ ಮಾತು ತೆಗೆದ. "ಕಾಲುವಿ ನೀರು ಮನಿ ಮುಂದ ಹರೀತೈತಿ ಯವ್ವಾ. ಆ ಹೊಂಡ ಇಟ್ಟುಕೊಂಡು ಏನು ಮಾಡತಿ? ಅಷ್ಟೂ ಜಾಗದಾಗ ಭತ್ತ ಹಚ್ಚಬಹುದು."

ನಾನು ಬೇಡ ಅಂದೆ, ಗುದ್ದಾಡಿದೆ. ಅವನಿಗೂ ಬೇಸರ ಬಂತು. ವಿಶಾಲಿ ಸಿರುಗುಪ್ಪದಿಂದ ಬಂದಿದ್ದ ದಿನ ಅವಳನ್ನೇ ಕೂರಿಸಿ ಕೇಳಿದ: "ನೀನು ಓದಿದಾಕಿ, ನೀನೇ ಹೇಳಿಬಿಡು. ಹೊಂಡ ಹೋದ್ರ ಕಪ್ಪಿಗೋಳಿಗೆ ಏನರ ಆಗತೈತೇನು? ಆಗತೈತಿ ಅಂದ್ರ ನಾನು ಸಲಿಕಿ ಮುಟ್ಟಂಗಿಲ್ಲ."

ಅವನು ಹಟದಿಂದ ಕೇಳಲಿಲ್ಲ. ಮಗಳ ವಿದ್ಯೆಗೆ ಬೆಲೆ ಕೊಟ್ಟು ಕೇಳಿದ. ಅವಳು ಹೂಂ ಅಂದಿದ್ದರೆ ಹೊಂಡ ಉಳಿಯುತ್ತಿತ್ತು.

ವಿಶಾಲಿ ಅಪ್ಪನ ಕಡೆ ತಿರುಗಿದಳು. "ಮುಚ್ಚಬ್ಯಾಡಪ್ಪ ಅನ್ನೋ ಆಸೆ ನನಗೂ ಐತಿ. ಆದ್ರ ನನ್ನ ಆಸೆನ ವಿದ್ಯೆ ಅಂತ ಹೇಳಾಕ ಬರಂಗಿಲ್ಲ. ನಾನು ನೋಡಿದ ಮಟ್ಟಿಗೆ ಫರಕು ಕಾಣಲಿಲ್ಲ."

ನಾನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಫರಕು ಐತವ್ವ, ನಾನೇ ಮುಚ್ಚಿಟ್ಟೀನಿ — ಇಷ್ಟು ಅಂದಿದ್ದರೆ ಸಾಕಿತ್ತು. ಅಂದರೆ ಅವಳ ಕಣ್ಣಲ್ಲಿ ನಾನು ಏನಾಗುತ್ತೇನೆ ಅನ್ನುವುದೊಂದೇ ನನಗೆ ದೊಡ್ಡದಾಯಿತು. ಯಾವ ಹೊಂಡಕ್ಕಾಗಿ ಸುಳ್ಳು ಹೇಳಿದೆನೋ ಆ ಹೊಂಡಕ್ಕಿಂತ.

ಬೇಸಿಗೆಯಲ್ಲಿ ಹೊಂಡ ಮುಚ್ಚಿದರು. ಕಪ್ಪೆಗಳು ಭತ್ತದ ಗದ್ದೆಯಲ್ಲಿ ಇರುತ್ತವೆ ಬಿಡು ಅಂತ ನನಗೆ ನಾನೇ ಹೇಳಿಕೊಂಡೆ. ಗದ್ದೆಗೆ ಔಷಧ ಹೊಡೆದರು, ಅವು ಗದ್ದೆಯಲ್ಲೂ ಇರಲಿಲ್ಲ. ಮುಂದಿನ ಮಳೆಗಾಲದಲ್ಲಿ ಭಟ್ಟಿಯ ಗುಂಡಿಗಳ ಇಕ್ಕಟ್ಟು ಇನ್ನಷ್ಟು ಹೆಚ್ಚಿತ್ತು. ಅದರ ಮರುವರ್ಷ ಮಳೆ ಬರಲಿಲ್ಲ. ಹೆಂಗಸರು ಒನಕೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಹೊಂಡ ಎಲ್ಲಿದೆ? ಗುಂಡಿಯಿಂದ ಒಂದನ್ನು ಹಿಡಿದು ಕಟ್ಟಿದೆವು. ಅರ್ಧ ಊರು ಮುಗಿಯುವಷ್ಟರಲ್ಲಿ ಕಪ್ಪೆ ತಾಯಿ ಬಟ್ಟೆಯೊಳಗೇ ಸತ್ತಿತ್ತು. ಬಿಚ್ಚಿ ನೋಡಿದವಳು ನಾನು. ಆ ತೊಡೆಗಳನ್ನು ನೋಡಿ, ಮತ್ತೆ ಬಟ್ಟೆ ಮುಚ್ಚಿದೆ. ಆಮೇಲೆ ನಮ್ಮ ಓಣಿಯಲ್ಲಿ ಯಾರೂ ಒನಕೆ ಎತ್ತಿಲ್ಲ.

ಇನ್ನು ಸಂತೋಷದ್ದು ಹೇಳುತ್ತೇನೆ, ತಡೆಯಲಾಗುತ್ತಿಲ್ಲ. ವಿಶಾಲಿ ಆ ಕೆಲಸವನ್ನು ಬಿಟ್ಟಿರಲಿಲ್ಲ. ಸಿರುಗುಪ್ಪದಲ್ಲಿ ಪಾಠ ಮುಗಿಸಿ, ರಜೆ ಬಂದರೆ ಸಾಕು, ಸೀರೆ ಎತ್ತಿ ಕಟ್ಟಿ ತೆಕ್ಕಲಕೋಟೆ ಕಡೆಯ ಹೊಂಡ ಕುಂಟೆಗಳಿಗೆಲ್ಲ ತಾನೇ ಇಳಿದಳು. ಲಗ್ನವೂ ಆಯಿತು. ಹುಡುಗ ಗಣಿತದ ಮೇಷ್ಟ್ರು. ಮದುವೆಯಾದ ಹೊಸದರಲ್ಲೇ ಕಪ್ಪೆಯ ಗಡಿಗೆ ಹೊತ್ತು ಹಿಂದೆ ನಡೆದವನು. ಈ ಸುದ್ದಿಯನ್ನು ಗುರಮ್ಮನಿಗೆ ನಾನೇ ಅವಳ ಕಟ್ಟೆಗೆ ಹೋಗಿ ಮುಟ್ಟಿಸಿ ಬಂದೆ. ವರ್ಷಗಟ್ಟಲೆ ನೋಡಿ ನೋಡಿ ವಿಶಾಲಿಗೆ ಕೊನೆಗೆ ಕಂಡದ್ದು ಏನು? ಮೊದಲು ಅನಿಸಿದ್ದೇ. ಹಳೆಯ ನೀರು ಉಳಿದಲ್ಲಿ ಕಪ್ಪೆಯ ಒಳಗೆ ಓಬಳಮ್ಮನ ಸಂಸಾರ ತುಂಬಿದೆ, ರೋಗ ಕಡಿಮೆ. ನೀರು ಹೋಗಿ ಗುಂಡಿಪಾಲಾದಲ್ಲಿ ಆ ಸಂಸಾರ ಕಡಿದು ಹೋಗಿದೆ, ಹುಳ ಹುಣ್ಣು ಹೆಚ್ಚು. ಇದನ್ನೇ ದೊಡ್ಡ ಪುಸ್ತಕ ಮಾಡಿ ಬರೆದು, ದೊಡ್ಡವರ ಮುಂದೆ ನಿಂತು ಉತ್ತರ ಹೇಳಿ, ಡಾಕ್ಟರ್ ಆದಳು.

ಹೋದ ವಾರ ಬಳ್ಳಾರಿಯಲ್ಲಿ ಅವಳಿಗೆ ಸನ್ಮಾನ ಮಾಡಿದರು. ಗುರುಪಾದಪ್ಪ ಮೇಷ್ಟ್ರು ಶಾಲು ಹೊದಿಸಿದರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ವಿಶಾಲಿ ಮೈಕಿನ ಮುಂದೆ ನಿಂತು ಅಂದಳು: "ನನ್ನ ಕೆಲಸದ ಮೊದಲ ಕಪ್ಪೆಗಳನ್ನು ಹಿಡಿಸಿ ಕಳಿಸಿದವರು ನಮ್ಮ ಅಜ್ಜಿ. ಅಜ್ಜಿ, ಸ್ವಲ್ಪ ಎದ್ದು ನಿಲ್ಲು." ನಿಂತೆ. ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ಆ ಸದ್ದು — ಮಳೆಗಾಲದ ಹೊಂಡದ ಸದ್ದೇ ಅನ್ನಿಸಿತು ಒಂದು ಗಳಿಗೆ. ಕೂತ ಮೇಲೂ ಕೈ ಮುಗಿದುಕೊಂಡೇ ಇದ್ದೆ.

ಆಮೇಲೆ ಯಾರೋ ಎದ್ದು ಕೇಳಿದರು, ನಿಮ್ಮ ಲೆಕ್ಕಕ್ಕೆ ಹೊಂದದ ಊರು ಯಾವುದಾದರೂ ಇದೆಯೇ ಅಂತ.

"ಒಂದು ಇದೆ," ಅಂದಳು. "ಬಾದನಹಟ್ಟಿಯ ನಮ್ಮದೇ ಹೊಂಡ. ತಿಳಿ ನೀರು, ಇಕ್ಕಟ್ಟಿಲ್ಲ. ಆದರೂ ಅಲ್ಲಿನ ಕಪ್ಪೆಗಳೆಲ್ಲ ರೋಗದವು. ಯಾಕೆ ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿದಿಲ್ಲ ಅಂತಲೇ ಬರೆದಿದ್ದೇನೆ."

ನಮ್ಮ ಹೊಂಡದ ಹೆಸರು ರೋಗದ ಹೊಂಡ ಅಂತ ಅವಳ ಪುಸ್ತಕದಲ್ಲಿ ಕೂತಿದೆ. ಅವಳ ಅಷ್ಟು ವರ್ಷದ ಕೆಲಸದಲ್ಲಿ ಬಿಡಿಸದ ಒಂದೇ ಗಂಟು ಅದು. ಗಂಟು ಹಾಕಿದವಳು ಮುಂದಿನ ಸಾಲಿನಲ್ಲಿ ಚಪ್ಪಾಳೆ ತೆಗೆದುಕೊಂಡು ಕೂತಿದ್ದಾಳೆ.

ಮಾರನೆಯ ಬೆಳಗ್ಗೆ ಪಾರ್ವತಿನಗರದ ಅವಳ ಚಿಕ್ಕಪ್ಪನ ಮನೆಯಲ್ಲಿ ಕಾಫಿ ತಂದು ಕೊಟ್ಟಳು. ಲೋಟವನ್ನು ಕೆಳಗೆ ಇಟ್ಟೆ.

"ವಿಶಾಲಿ, ಆ ಬಿಳಿ ಬಟ್ಟೀವು ಹೊಂಡದವಲ್ಲವ್ವ. ಗುಂಡೀವು."

ನನ್ನ ಮುಖ ನೋಡಿದಳು. "ಎಲ್ಲಾನೂ?"

"ಎಲ್ಲಾನೂ."

"ಒಂದು ಸಲನಾರ ಹೊಂಡದವು —"

"ಇಲ್ಲ."

ಯಾಕೆ ಅಂತ ಹೇಳಿದೆ. ಮೆಟ್ಟಿಲ ಮೇಲೆ ಕೂತದ್ದು, ಉಡಿ, ಎಲ್ಲ. ಆ ಮೆಟ್ಟಿಲ ಮೇಲೆ ಬೆಳೆದವಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆ ಆಡಿಸಿದಳು. ಆಮೇಲೆ ಕೇಳಿದಳು: "ಅಪ್ಪ ನನ್ನ ಕೂರಿಸಿ ಕೇಳಿದ ದಿನ ನೀನು ಅಲ್ಲೇ ಕುಂತಿದ್ದಿ."

"ಕುಂತಿದ್ದೆ."

ಅದಕ್ಕೆ ನನ್ನ ಹತ್ತಿರ ಉಡಿಯ ಕಾರಣ ಇರಲಿಲ್ಲ.

ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ಪುಸ್ತಕ ತಂದು ಆ ಪುಟ ತೆಗೆದಳು. "ಇದನ್ನ ತಗದು ಹಾಕಬೇಕು. ಗುರುಗಳಿಗೂ, ಪರೀಕ್ಷೆ ಮಾಡಿದವರಿಗೂ ತಿಳಸಬೇಕು. ಯಾಕ ತಗದೆ ಅಂತ ಕೇಳತಾರ."

"ನನ್ನ ಹೆಸರು ಹೇಳು."

"ಹೇಳತೀನಿ," ಅಂದಳು. ನನ್ನ ವಯಸ್ಸು ನೋಡಿ ಮರೆಮಾಚುತ್ತೇನೆ ಅನ್ನಲಿಲ್ಲ. ಆಗ ನನಗೆ ಒಂದು ಆಸೆ ಹುಟ್ಟಿತು. ಕೊನೆಯ ಆಸೆ ಅನ್ನಿ.

"ನಮ್ಮ ಹೊಂಡದವು ಚಲೋ ಇದ್ದವು ವಿಶಾಲಿ. ತೊಡಿ ಬೆಳ್ಳಗಿದ್ದವು, ನಾನು ಕಣ್ಣಾರೆ ನೋಡೀನಿ. ರೋಗದವು ಅಂತ ಇರೋ ಕಡೆ ಅದನ್ನಾರ ಬರಿ."

ಅವಳು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡಿದ್ದಳು. "ಹೋಗಿ ಹಿಡಿದು ನೋಡಾಕ ಹೊಂಡ ಇಲ್ಲ. ನೀನು ಹೇಳಿದ್ದನ್ನ ಹಂಗೇ ಬರೆಯಾಕ ಬರಂಗಿಲ್ಲಜ್ಜಿ. ಇನ್ನ ಬರಂಗಿಲ್ಲ."

ಇಷ್ಟು ಮೆಲ್ಲಗೆ, ಇಷ್ಟು ಸರಿಯಾದ ಮಾತನ್ನು ಯಾರೂ ನನಗೆ ಹೇಳಿಲ್ಲ. ಹೆತ್ತವರಿಗಾಗಲಿ, ಎತ್ತಿ ಆಡಿಸಿದ ಅಜ್ಜಿಗಾಗಲಿ ಒಂದು ಸಾಲನ್ನೂ ದಾನ ಮಾಡದ ವಿದ್ಯೆ ಅವಳದು. ಅದನ್ನು ಕಂಡು ಹೆಮ್ಮೆಪಡುವ ಹಕ್ಕು ನನಗಿದೆಯೋ ಇಲ್ಲವೋ — ಪಡುತ್ತಿದ್ದೇನೆ. ಅವಳು ನಮ್ಮ ಹೊಂಡದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಸರಿಯಾಗಿ ಹೊಡೆದಿದ್ದಾಳೋ ಅಂತ ನಾನೂ ಬಗ್ಗಿ ನೋಡಿದೆ. ಆ ಪುಸ್ತಕದಲ್ಲೂ ಬಾದನಹಟ್ಟಿಯ ಹೊಂಡ ಈಗ ಇಲ್ಲ.